ಸಂಖ್ಯೆಯ ಮನೆ ತುಂಬಿದಾಗ
(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಾಠ)



ಕನ್ನಡದಲ್ಲಿ ಗಣಿತ ಕಲಿತ ಮಗುವಿಗೆ ಮುಂದೆ ಗಣಕಯಂತ್ರದ ವಿದ್ಯೆ ದಕ್ಕೀತೇ ಎಂಬ ಅಳುಕು ನೀಲಗಿರಿಯ ಕನ್ನಡ ಮನೆಗಳಲ್ಲಿ ಇಂದಿಗೂ ಇದೆ. ಅದಕ್ಕೆ ಉತ್ತರವಾಗಿ ಒಂದು ನಿಜಸಂಗತಿಯನ್ನು ತಮ್ಮ ಮುಂದಿಡುತ್ತೇನೆ.

ಮಸಿನಗುಡಿಯ ಹಳೆಯ ಜೀಪುಗಳಲ್ಲಿ ಓಡಿದ ದೂರವನ್ನು ತೋರಿಸುವ ಮೀಟರನ್ನು ತಾವೆಲ್ಲರೂ ಬಲ್ಲಿರಿ. ಅದರಲ್ಲಿ ಐದು ಅಂಕಿಗಳಿಗಷ್ಟೇ ಮನೆ ಇದ್ದರೆ, 99999 ಆದ ಮೇಲೆ ಅದು 00000ಕ್ಕೆ ಮರಳುತ್ತದೆ. ಕೈಯಲ್ಲುಳಿದ ಒಂದನ್ನು ಬರೆಯಲು ಎಡಕ್ಕೆ ಮನೆಯೇ ಇಲ್ಲ. ಗಣಕಯಂತ್ರದೊಳಗಿನ ಸಂಖ್ಯೆಗಳಿಗೂ ಇದೇ ಕಟ್ಟಳೆ. ಹದಿನಾರು ಬಿಟ್‌ಗಳ ಮನೆಯಲ್ಲಿ 65535ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದು.

ಜಗತ್ತಿನ ಅಸಂಖ್ಯಾತ ಸರ್ವರ್‌ಗಳನ್ನೂ ಆಂಡ್ರಾಯ್ಡ್ ದೂರವಾಣಿಗಳನ್ನೂ ನಡೆಸುವುದು ಲಿನಕ್ಸ್. ಅದು ಮಾಹಿತಿಯನ್ನು ತುಣುಕುಗಳಾಗಿ ಕಳುಹಿಸುತ್ತದೆ. ತಲುಪಿದವೆಂದು ಉತ್ತರ ಬಂದ ತುಣುಕುಗಳನ್ನು ಒಂದು ಕಟ್ಟಾಗಿ ಸೇರಿಸಿ, ಅವುಗಳ ಎಣಿಕೆಯನ್ನು ಹದಿನಾರು ಬಿಟ್‌ಗಳಲ್ಲಿ ಬರೆದಿಡುತ್ತದೆ. ಒಂದು ಕಟ್ಟಿನಲ್ಲಿ ತಲಾ 32 ಕಿಲೋಬೈಟಿನ 17 ಭಾಗಗಳು ಸೇರಬಹುದು. ಆಚೆಯ ಯಂತ್ರವು ದುರುದ್ದೇಶದಿಂದ ಎಂಟೆಂಟು ಬೈಟಿನ ತುಣುಕುಗಳನ್ನೇ ಬೇಡಿದರೆ, ಎಣಿಕೆ 69632 ಆಗಿ ಮನೆ ತುಂಬಿ ಚೆಲ್ಲುತ್ತಿತ್ತು. ಉಳಿಯುತ್ತಿದ್ದುದು 4096 ಮಾತ್ರ. ಲೆಕ್ಕ ತಾಳೆಯಾಗದ್ದನ್ನು ಕಂಡ ಲಿನಕ್ಸ್ ಇಡೀ ಯಂತ್ರವನ್ನೇ ನಿಲ್ಲಿಸಿಬಿಡುತ್ತಿತ್ತು. ಹೀಗೆ ದೂರದಲ್ಲಿ ಕುಳಿತವನೊಬ್ಬ, ಗುಪ್ತಪದವನ್ನೂ ಅರಿಯದೆ, ಸರ್ವರನ್ನು ಸ್ತಬ್ಧಗೊಳಿಸಬಹುದಾಗಿತ್ತು.

2009ರ ಆವೃತ್ತಿಯಿಂದ ಅಡಗಿದ್ದ ಈ ದೋಷವನ್ನು ನೆಟ್‌ಫ್ಲಿಕ್ಸ್ ಸಂಸ್ಥೆಯ ಜೊನಾಥನ್ ಲೂನಿ ಪತ್ತೆಹಚ್ಚಿದರು. 2019ರ ಜೂನ್ 17ರಂದು ಅದು ಪ್ರಕಟವಾಯಿತು. ತಿದ್ದುಪಡಿಯನ್ನು ಎರಿಕ್ ಡುಮಾಜೆ ಬರೆದರು. ಅದರ ತಿರುಳು ಸರಳವಾದುದು: ಎರಡು ಕಟ್ಟುಗಳನ್ನು ಕೂಡಿಸುವ ಮೊದಲೇ, ಮೊತ್ತ 65535ನ್ನು ಮೀರುವುದೇ ಎಂದು ಕೇಳಬೇಕು, ಮೀರುವಂತಿದ್ದರೆ ಕೂಡಿಸದೆ ಬಿಡಬೇಕು.

ಮಹನೀಯರೇ, ಇಲ್ಲಿರುವುದು ಸ್ಥಾನಬೆಲೆ, ಗುಣಾಕಾರ, ಭಾಗಾಕಾರ. ಇವನ್ನು ನಮ್ಮ ಮಕ್ಕಳು ಕನ್ನಡದಲ್ಲಿಯೇ ಕಲಿಯುತ್ತಾರೆ. ಇಂಗ್ಲಿಷ್ ಅವರಿಗೆ ಬೇಕು, ಅದನ್ನೂ ಶ್ರದ್ಧೆಯಿಂದ ಕಲಿಸುತ್ತೇವೆ. ಆದರೆ ಕೂಡುವ ಮುನ್ನ ಮಿತಿಯನ್ನು ವಿಚಾರಿಸುವ ಬುದ್ಧಿ ಮಗುವಿಗೆ ಅರ್ಥವಾಗುವ ನುಡಿಯಲ್ಲಿಯೇ ಬೇರೂರುತ್ತದೆ. ಲಿನಕ್ಸ್‌ನ ಮೂಲಬರಹ ಯಾರೂ ಓದಬಹುದಾದುದು. ಗಣಕ ಕ್ಷೇತ್ರದಲ್ಲಿರುವ ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ಒಂದು ದಿನ ನಮ್ಮ ಮಕ್ಕಳೊಡನೆ ಕುಳಿತು, ಅದರ ಒಂದು ಪುಟವನ್ನಾದರೂ ಕನ್ನಡದಲ್ಲಿ ಬಿಡಿಸಿ ಹೇಳಬೇಕೆಂದು ವಿನಂತಿಸುತ್ತೇನೆ.