ಬಯಾಲಜಿ ಬಿಡಬೇಕಾ?

ನಾನು ಕೊಚ್ಚಿಯ ಇನ್ಫೋಪಾರ್ಕ್‌ನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಹೋದ ತಿಂಗಳು ಇಲ್ಲಿನ ಕನ್ನಡ ಮನೆಗಳ ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿಗೆ ಬಯೋಮೆಡಿಕಲ್ ಇಂಜಿನಿಯರಿಂಗ್ ಬಗ್ಗೆ ಹೇಳಿದ್ದೆ. ಇವತ್ತು ಅದನ್ನೇ ಅಪ್ಪ ಅಮ್ಮಂದಿರಿಗೆ ಹೇಳ್ತೀನಿ.

ಕಾಸರಗೋಡು ಕಡೆಯ ಒಬ್ಬಳು ಹುಡುಗಿ ಕೇಳಿದಳು: "ಅಂಕಲ್, ನಂಗೆ ಬಯಾಲಜಿ ಇಷ್ಟ, ಡಾಕ್ಟರ್ ಆಗೋಕೆ ಇಷ್ಟ ಇಲ್ಲ. ಹಾಗಿದ್ರೆ ಬಯಾಲಜಿ ಬಿಟ್ಟು ಕಂಪ್ಯೂಟರ್ ಸೈನ್ಸ್ ತಗೋ ಅಂತಾರೆ ಅಪ್ಪ."

ನಾನು ಅವಳಿಗೆ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಕಥೆ ಹೇಳಿದೆ. ಊರಲ್ಲಿ ಬಾವಿ ಪಂಪಿನ ಫುಟ್‌ವಾಲ್ವ್ ಕೆಟ್ಟರೆ ಎತ್ತಿದ ನೀರು ವಾಪಸ್ ಇಳಿಯುತ್ತಲ್ಲ, ಹೃದಯದ ಕವಾಟ ಕೆಟ್ಟರೂ ಹಾಗೇ, ರಕ್ತ ಹಿಂದಕ್ಕೆ ಹರಿಯುತ್ತೆ. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಕವಾಟ ಹಾಳಾದವರು ನಮ್ಮ ದೇಶದಲ್ಲಿ ಬಹಳ. ಹೊರದೇಶದ ಕವಾಟದ ಬೆಲೆ ಅವರ ಕೈಗೆಟುಕುತ್ತಿರಲಿಲ್ಲ. 1970ರ ದಶಕದ ಕೊನೆಯಲ್ಲಿ ಸರ್ಜನ್ ಎಂ.ಎಸ್. ವಲಿಯತ್ತಾನ್ ಮತ್ತು ಅವರ ಜೊತೆಗಿದ್ದ ಇಂಜಿನಿಯರುಗಳು ಇಲ್ಲೇ ಒಂದನ್ನ ಮಾಡೋಕೆ ಹೊರಟರು. (ಇದೇ ವಲಿಯತ್ತಾನ್ ಆಮೇಲೆ ನಮ್ಮ ಮಣಿಪಾಲಕ್ಕೆ ವೈಸ್ ಚಾನ್ಸಲರ್ ಆಗಿ ಬಂದರು.)

ಮೊದಲ ಮೂರು ಮಾದರಿ ಕೈಕೊಟ್ಟವು. ಒಂದರಲ್ಲಿ ಕೃತಕ ನೀಲಮಣಿಯ ಬಿಲ್ಲೆ ಹಾಕಿದ್ದರು, ಅದು ಒಡೆಯಿತು. ನಾಲ್ಕನೆಯದರಲ್ಲಿ ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟು, ಸವೆಯದಂಥ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ. 1990ರ ಡಿಸೆಂಬರ್ 6ರಂದು ಅದನ್ನ ಮೊದಲ ರೋಗಿಗೆ ಜೋಡಿಸಿದರು. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತೆ, ಅಷ್ಟೂ ಸಲ ಆ ಬಿಲ್ಲೆ ತೆರೆದು ಮುಚ್ಚಬೇಕು. ನನ್ನ ಕೋಡ್‌ನಲ್ಲಿ ಬಗ್ ಇದ್ರೆ ಸಂಜೆಗೆ ಪ್ಯಾಚ್ ಹಾಕ್ತೀನಿ. ಎದೆಯೊಳಗೆ ಹೊಲಿದ ಮೇಲೆ ಏನು ಪ್ಯಾಚ್ ಹಾಕ್ತೀರಿ?

ಇದಕ್ಕೆ ಬಯಾಲಜಿನೂ ಬೇಕು, ಮ್ಯಾಥ್ಸೂ ಬೇಕು. ಪ್ಲಸ್ ಒನ್‌ನಲ್ಲಿ ಎರಡನ್ನೂ ಇಟ್ಕೊಳ್ಳಬಹುದು. ಬಿ.ಟೆಕ್‌ಗೆ ಇಲ್ಲೇ ತೃಕ್ಕಾಕರದ ಮಾಡೆಲ್ ಇಂಜಿನಿಯರಿಂಗ್ ಕಾಲೇಜಿದೆ, ಊರ ಕಡೆ ಹೋಗೋದಾದ್ರೆ ಮಣಿಪಾಲ ಇದೆ. ಗೇಟ್‌ನಲ್ಲಿ 2020ರಿಂದ ಇದಕ್ಕೆ ಪ್ರತ್ಯೇಕ ಪೇಪರ್ ಇದೆ. ನಾನು ಎಂ.ಟೆಕ್ ಮಾಡೋವಾಗ ಇದ್ಯಾವುದೂ ನನ್ನ ತಲೆಗೇ ಬಂದಿರಲಿಲ್ಲ, ಹೇಳೋರೂ ಇರಲಿಲ್ಲ.

ಹೋದ ವಾರ ಆ ಹುಡುಗಿಯ ಅಪ್ಪ ಫೋನ್ ಮಾಡಿದ್ರು. ಮೊದಲ ಪ್ರಶ್ನೆ: "ಸಂಬಳ ಎಷ್ಟು ಸರ್?" ಸುಳ್ಳು ಹೇಳಲಿಲ್ಲ. ಶುರುವಿನಲ್ಲಿ ನಮ್ಮ ಐಟಿಯಷ್ಟು ಸಿಗೋದು ಕಷ್ಟ, ಹುದ್ದೆಗಳೂ ಕಮ್ಮಿ, ಬರೀ ಬಿ.ಟೆಕ್ ಸಾಲದೇ ಹೋಗಬಹುದು ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ.

"ಪ್ಲಸ್ ಒನ್ ಅರ್ಜಿ ಇನ್ನೂ ಹಾಕಿಲ್ಲ. ಭಾನುವಾರ ಅವಳನ್ನ ಕರ್ಕೊಂಡು ಬರ್ಲಾ?" ಅಂದ್ರು.