ಸ್ವಭಕ್ಷಣೆ, ಕೋಶವೃದ್ಧಿ ಮತ್ತು ಬಾಯಿಯ ಕ್ಯಾನ್ಸರ್



ಪ್ರೌಢಶಾಲೆಯ ಜೀವಶಾಸ್ತ್ರದ ಪಾಠದಲ್ಲಿ ಲೈಸೋಸೋಮನ್ನು ‘ಆತ್ಮಹತ್ಯಾ ಸಂಚಿ’ ಎಂದು ಕರೆಯುವ ರೂಢಿಯಿದೆ. ಈ ಹೆಸರು ಮಕ್ಕಳ ನೆನಪಿನಲ್ಲಿ ಬೇಗ ನಿಲ್ಲುತ್ತದೆ. ಆದರೆ ಲೈಸೋಸೋಮಿನ ನಿತ್ಯದ ಕೆಲಸವನ್ನು ಮರೆಮಾಡುತ್ತದೆ. ಜೀವಕೋಶವು ತನ್ನೊಳಗೆ ಸವೆದ ಭಾಗಗಳನ್ನೂ ಕೆಟ್ಟ ಪ್ರೋಟೀನುಗಳನ್ನೂ ಎರಡು ಪದರದ ಪೊರೆಯಲ್ಲಿ ಸುತ್ತಿ ಲೈಸೋಸೋಮಿಗೆ ಒಪ್ಪಿಸುತ್ತದೆ. ಅಲ್ಲಿ ಅವು ಕರಗಿ, ಕೋಶಕ್ಕೆ ಮರಳಿ ಸಾಮಗ್ರಿಯಾಗುತ್ತವೆ. ಇದೇ ಆಟೋಫೇಜಿ, ಅಂದರೆ ಸ್ವಭಕ್ಷಣೆ. 1963ರಲ್ಲಿ ಕ್ರಿಶ್ಚಿಯನ್ ಡಿ ಡುವೆ ಇದಕ್ಕೆ ಹೆಸರಿಟ್ಟರು. ಯೀಸ್ಟ್ ಕೋಶಗಳಲ್ಲಿ ಇದರ ಜೀನುಗಳನ್ನು ಗುರುತಿಸಿದ ಯೋಶಿನೋರಿ ಓಸುಮಿಯವರಿಗೆ 2016ರ ನೊಬೆಲ್ ಪ್ರಶಸ್ತಿ ಸಂದಿತು.

ಕಾಸರಗೋಡಿನ ತರಗತಿಯಲ್ಲಿ ಇದನ್ನು ವಿವರಿಸಲು ಅಡಿಕೆ ತೋಟವೊಂದೇ ಸಾಕು. ಉದುರಿದ ಸೋಗೆ ಬುಡದಲ್ಲಿ ಕೊಳೆತು, ಗೊಬ್ಬರವಾಗಿ ಮರಕ್ಕೇ ಮರಳುತ್ತದೆ.

ಈ ಕಾರ್ಯಕ್ಕೊಂದು ಕಡಿವಾಣವಿದೆ. ಆಹಾರ ಸಮೃದ್ಧವಾಗಿದ್ದು, ವೃದ್ಧಿಕಾರಕಗಳು ಕೋಶದ ಹೊರಪೊರೆಯ ಗ್ರಾಹಕಗಳಿಗೆ ಅಂಟಿಕೊಂಡಾಗ, ಎಂಟಾರ್ ಎಂಬ ಕಿಣ್ವ ಚುರುಕಾಗುತ್ತದೆ. ಅದು ‘ಬೆಳೆ’ ಎಂಬ ಆಜ್ಞೆಯನ್ನು ಮುಂದಕ್ಕೆ ಸಾಗಿಸಿ, ಸ್ವಭಕ್ಷಣೆಯನ್ನು ತಡೆಯುತ್ತದೆ. ಆಹಾರ ಕಡಿಮೆಯಾದಾಗ ಎಂಟಾರ್ ತಣ್ಣಗಾಗುತ್ತದೆ, ಸ್ವಭಕ್ಷಣೆ ಹೆಚ್ಚುತ್ತದೆ. ಕೋಶದ ಆರೋಗ್ಯವು ಈ ಎರಡರ ಸಮತೋಲದಲ್ಲಿದೆ.

ಬಾಯಿಯ ಕ್ಯಾನ್ಸರಿನಲ್ಲಿ ಕೆಡುವುದು ಈ ಸಮತೋಲವೇ. ತಂಬಾಕು ಮತ್ತು ಅಡಿಕೆಗಳಿಂದ ಬರುವ ನೈಟ್ರೋಸಮೈನುಗಳು ಬಾಯಿಯ ಒಳಪದರದ ಕೋಶಗಳ ಡಿಎನ್‌ಎಯನ್ನು ಕೆಡಿಸುತ್ತವೆ. ಅನೇಕ ಗಡ್ಡೆಗಳಲ್ಲಿ ಇಜಿಎಫ್‌ಆರ್ ಎಂಬ ಗ್ರಾಹಕವು ಅತಿಯಾಗಿ ಕಾಣಿಸಿಕೊಳ್ಳುತ್ತದೆ. ‘ಬೆಳೆ’ ಎಂಬ ಆಜ್ಞೆಗೆ ಕೊನೆಯೇ ಇರುವುದಿಲ್ಲ.

ಇಲ್ಲಿ ಸ್ವಭಕ್ಷಣೆಗೆ ಎರಡು ಮುಖಗಳಿವೆ. ರೋಗ ಹುಟ್ಟುವ ಮುನ್ನ ಅದು ಕಾವಲುಗಾರ: ಹಾಳಾದ ಮೈಟೋಕಾಂಡ್ರಿಯಗಳನ್ನು ತೆಗೆದುಹಾಕಿ, ಡಿಎನ್‌ಎಗೆ ಆಗುವ ಹಾನಿಯನ್ನು ತಗ್ಗಿಸುತ್ತದೆ. ಗಡ್ಡೆ ಬೆಳೆದ ಮೇಲೆ ಅದೇ ಸ್ವಭಕ್ಷಣೆ ರೋಗದ ಪಾಲಿಗೆ ಆಸರೆಯಾಗಬಲ್ಲುದು. ಆಮ್ಲಜನಕವೂ ಆಹಾರವೂ ಸರಿಯಾಗಿ ತಲಪದ ಗಡ್ಡೆಯ ಒಳಭಾಗದಲ್ಲಿ ಕ್ಯಾನ್ಸರ್ ಕೋಶಗಳು ತಮ್ಮನ್ನೇ ತಿಂದು ಬದುಕಿಕೊಳ್ಳುತ್ತವೆ; ಔಷಧ ಹಾಗೂ ವಿಕಿರಣದ ಪೆಟ್ಟನ್ನೂ ತಾಳಿಕೊಳ್ಳಬಲ್ಲವು. ತೋಟದ ಗೊಬ್ಬರಕ್ಕೆ ಬೆಳೆ ಯಾವುದು, ಕಳೆ ಯಾವುದು ಎಂಬ ಭೇದ ತಿಳಿಯದು.

ಈ ಎರಡನೆಯ ಮುಖವನ್ನು ಬಿಟ್ಟು ಪಾಠ ಮಾಡಿದರೆ ಅಪಾಯವಿದೆ. ‘ಉಪವಾಸದಿಂದ ಸ್ವಭಕ್ಷಣೆ ಹೆಚ್ಚುತ್ತದೆ, ಆದುದರಿಂದ ಉಪವಾಸವೇ ಕ್ಯಾನ್ಸರಿಗೆ ಮದ್ದು’ ಎಂಬ ಮಾತು ನೊಬೆಲ್ ಪ್ರಶಸ್ತಿಯ ಹೆಸರು ಹೊತ್ತು ಮೊಬೈಲಿನಲ್ಲಿ ಸುತ್ತುತ್ತಿದೆ. ಬಾಯಿಯ ಕ್ಯಾನ್ಸರಿನ ರೋಗಿಗೆ ಮೊದಲೇ ನುಂಗುವುದು ಕಷ್ಟ, ತೂಕ ಇಳಿದಿರುತ್ತದೆ. ಅಂಥವರನ್ನು ಉಪವಾಸ ಕೆಡವುವುದು ಚಿಕಿತ್ಸೆಯಲ್ಲ, ಹಾನಿ. ಓಸುಮಿಯವರ ಶೋಧ ಹಾಗೆ ಹೇಳುವುದಿಲ್ಲವೆಂಬುದನ್ನು ವಿದ್ಯಾರ್ಥಿಯು ಮನೆಗೆ ಒಯ್ಯುವಂತಾಗಬೇಕು.

ಪಾಠದ ಕೊನೆಗೆ ಅಧ್ಯಾಪಕರು ಮೂರು ಲಕ್ಷಣಗಳನ್ನು ಹಲಗೆಯ ಮೇಲೆ ಬರೆಯುವುದು ಒಳಿತು: ಎರಡು ವಾರ ಕಳೆದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ದಿನೇ ದಿನೇ ಕಿರಿದಾಗುವ ಬಾಯಿ. ಇವುಗಳಲ್ಲಿ ಒಂದು ಕಂಡರೂ ವೈದ್ಯರ ಬಳಿಗೆ ಹೋಗತಕ್ಕದ್ದು.

ತಂಬಾಕು ಸೇರದ ಅಡಿಕೆಯ ಜಗಿತವೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರ ವರದಿಯಲ್ಲಿ ದಾಖಲಿಸಿದೆ. ಇದನ್ನು ಹೇಳುವಾಗ ಎಚ್ಚರ ಬೇಕು. ಅಡಿಕೆಯ ಆದಾಯದಿಂದಲೇ ಪುಸ್ತಕ ಕೊಳ್ಳುವ ಮಗು ಎದುರಿನ ಬೆಂಚಿನಲ್ಲಿರಬಹುದು. ಅಜ್ಜಿಗೆ ಎಲೆಯಡಿಕೆ ಕುಟ್ಟಿಕೊಟ್ಟು ಬಂದ ಮಗುವೂ ಇರಬಹುದು. ಸತ್ಯವನ್ನು ಮೊಟಕುಗೊಳಿಸಬಾರದು, ಮನೆಯವರನ್ನು ದೂಷಿಸಲೂ ಬಾರದು. ಆ ಮಗುವೇ ಸಂಜೆ ಅಜ್ಜಿಯ ಬಾಯಿಯ ಹುಣ್ಣನ್ನು ಮೊದಲು ಗಮನಿಸುವ ವ್ಯಕ್ತಿಯಾಗಬಹುದು. ಅದಕ್ಕೆ ಬೇಕಾದ ಮಾತುಗಳು ಅದರದೇ ಕನ್ನಡದಲ್ಲಿ ಅದಕ್ಕೆ ದೊರೆಯಲಿ.