ಮನೆತನದ ಹೆಸರು ಯಾರ ಸ್ವತ್ತು?



ಲೋಧಿ ಕಾಲೋನಿಯ ಕೇಳುಗರೊಬ್ಬರು ಪತ್ರ ಬರೆದಿದ್ದಾರೆ. ಮನೆಯಲ್ಲೇ ಸಾರಿನ ಪುಡಿ, ಚಟ್ನಿಪುಡಿ ಮಾಡಿ ಇಲ್ಲಿನ ಕನ್ನಡಿಗರಿಗೆ ಮಾರುತ್ತಾರಂತೆ. ಪೊಟ್ಟಣದ ಮೇಲೆ ಗಂಡನ ಮನೆತನದ ಹೆಸರು. ಈಗ ಬೆಂಗಳೂರಿನ ಮೈದುನನೂ ಅದೇ ಹೆಸರಿನಲ್ಲಿ ಪುಡಿ ಮಾರಲು ಹೊರಟಿದ್ದಾರೆ. "ನಾನೇ ಮೊದಲು ಹೆಸರನ್ನು ರಿಜಿಸ್ಟರ್ ಮಾಡಿಸಿಬಿಡಲೇ?" ಎಂದು ಕೇಳಿದ್ದಾರೆ.

ಅರ್ಜಿ ಹಾಕಬಹುದು. 1958ರ ಹಳೆಯ ಕಾಯಿದೆಯಲ್ಲಿ ಅಡ್ಡಹೆಸರಿಗೆ ಟ್ರೇಡ್‌ಮಾರ್ಕ್ ಸಿಗುವುದು ಕಷ್ಟವಿತ್ತು. ಹೆಸರು ಕೇಳಿದೊಡನೆ ಜನಕ್ಕೆ ನಿಮ್ಮ ಸರಕೇ ನೆನಪಾಗುತ್ತದೆಂದು ಸಾಬೀತುಪಡಿಸಬೇಕಿತ್ತು. 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ 1999ರ ಕಾಯಿದೆಯಲ್ಲಿ ಅಡ್ಡಹೆಸರಿನ ಆ ಪ್ರತ್ಯೇಕ ನಿರ್ಬಂಧವಿಲ್ಲ. ಆದರೆ ಅದೇ ಕಾಯಿದೆಯ 35ನೇ ಕಲಮು ಇನ್ನೊಂದು ಮಾತು ಹೇಳುತ್ತದೆ: ಪ್ರಾಮಾಣಿಕವಾಗಿ ತನ್ನದೇ ಹೆಸರು ಬಳಸುವವರನ್ನು ತಡೆಯುವಂತಿಲ್ಲ. 'ಜಿಂದಾಲ್' ಹೆಸರಿನ ಉಕ್ಕಿನ ಕೊಳವೆಗಳ ಜಗಳದಲ್ಲಿ 2024ರ ಮಾರ್ಚ್‌ನಲ್ಲಿ ನಮ್ಮ ದೆಹಲಿ ಹೈಕೋರ್ಟು ಮಧ್ಯಂತರ ತಡೆಯಾಜ್ಞೆ ಕೊಡಲಿಲ್ಲ. ಎಲ್ಲರಲ್ಲೂ ಇರುವ ಅಡ್ಡಹೆಸರನ್ನು ಮಾರ್ಕಾಗಿ ಆರಿಸಿಕೊಂಡವರು ಇತರರೂ ಅದನ್ನು ಬಳಸುವ ಸಾಧ್ಯತೆಯನ್ನು ಒಪ್ಪಿಕೊಂಡೇ ನಡೆಯಬೇಕು ಎಂಬುದು ಅಲ್ಲಿನ ಧೋರಣೆ. ರಾವ್, ಭಟ್, ಶೆಟ್ಟಿ ಎಂದು ಪೊಟ್ಟಣಕ್ಕೆ ಹಾಕುವವರು ಇದನ್ನು ಗಮನಿಸಬೇಕು.

ನಮ್ಮವರದೇ ಕಥೆಯೊಂದಿದೆ. 1924ರಲ್ಲಿ ಉಡುಪಿ ಸೀಮೆಯ ಮಯ್ಯ ಸಹೋದರರು ಬೆಂಗಳೂರಿನಲ್ಲಿ ಹೋಟೆಲು ತೆರೆದರು. ಅದು ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತು. ಅದರಲ್ಲಿ ಬಡಾವಣೆಯ ಹೆಸರಿದೆ, ಮಯ್ಯರ ಹೆಸರಿಲ್ಲ. 2007ರಲ್ಲಿ ಪುಡಿ, ಮಿಕ್ಸ್ ತಯಾರಿಸುವ ಎಂಟಿಆರ್ ಫುಡ್ಸ್ ನಾರ್ವೆಯ ಓರ್ಕ್ಲಾ ಕಂಪನಿಯ ಪಾಲಾಯಿತು; ಹೋಟೆಲು ಮನೆಯವರಲ್ಲೇ ಉಳಿಯಿತು. ಫುಡ್ಸ್ ನಡೆಸಿದ್ದ ಸದಾನಂದ ಮಯ್ಯರು ಆಮೇಲೆ ಮತ್ತೆ ತಿಂಡಿ ವ್ಯಾಪಾರಕ್ಕಿಳಿದಾಗ ಇಟ್ಟ ಹೆಸರು 'ಮಯ್ಯಾಸ್'. ಮೂರಕ್ಷರ ಕೈಬಿಟ್ಟರೂ ಮನೆತನದ ಹೆಸರು ಉಳಿದಿತ್ತು! ಡಬ್ಬಿಯ ಮೇಲೆ ಮೊದಲೇ ಮಯ್ಯ ಎಂದಿದ್ದಿದ್ದರೆ ಕಂಪನಿಯ ಜೊತೆ ಅದೂ ಹೋಗುತ್ತಿತ್ತೇನೋ.

ಆದ್ದರಿಂದ, ಸೋದರಿ, ಮೊದಲು ಮೈದುನನ ಜೊತೆ ಕೂತು ಮಾತಾಡಿ. ಯಾರ ಹೆಸರಿನಲ್ಲಿ ಅರ್ಜಿ, ಯಾರು ಎಲ್ಲಿ ಮಾರುವುದು, ವ್ಯಾಪಾರ ಬಿಟ್ಟರೆ ಹೆಸರು ಯಾರಿಗೆ, ಎಲ್ಲವನ್ನೂ ಕಾಗದದಲ್ಲಿ ಬರೆದುಕೊಳ್ಳಿ. ಬರೀ ಅಡ್ಡಹೆಸರಿಗಿಂತ ಊರೋ, ಅಜ್ಜಿಯ ಹೆಸರೋ, ಒಂದು ಚಿತ್ರವೋ ಸೇರಿದರೆ ಮಾರ್ಕು ಗಟ್ಟಿ. ಮಸಾಲೆ ಪುಡಿಗಳದು 30ನೇ ವರ್ಗ. ಒಬ್ಬ ವ್ಯಕ್ತಿ ಆನ್‌ಲೈನಿನಲ್ಲಿ ಹಾಕಿದರೆ ವರ್ಗಕ್ಕೆ 4,500 ರೂಪಾಯಿ. ಇಲ್ಲಿಯವರಿಗೆ ಕಚೇರಿ ದ್ವಾರಕಾದಲ್ಲಿದೆ. ನೋಂದಣಿ ಸಿಕ್ಕರೆ 10 ವರ್ಷ, ಬಳಿಕ ನವೀಕರಣ. ಅರ್ಜಿ ಜರ್ನಲ್ಲಿನಲ್ಲಿ ಪ್ರಕಟವಾದ 4 ತಿಂಗಳೊಳಗೆ ಯಾರು ಬೇಕಾದರೂ ಆಕ್ಷೇಪಿಸಬಹುದು, ನಿಮ್ಮ ಮೈದುನನೂ ಸೇರಿ.